ಹೊರಗಿನಿಂದ ನೋಡಿದ ರೋಮ್

ಪ್ರವಾಸ ಕಂಪನಿಗಳು ಹಂಚುವ ದಿನವಾರು ಪಟ್ಟಿಯನ್ನು ಯಾರೂ ಗಮನವಿಟ್ಟು ಓದುವುದಿಲ್ಲ. ಓದಬೇಕು. ನಮ್ಮ ಕಡೆಯಿಂದ ಯುರೋಪಿಗೆ ಹೋಗುವ ಹೆಚ್ಚಿನವರು ಹೊರಡುವ ಮುಂಚೆ ಆ ಖಂಡದ ಬಗ್ಗೆ ಓದಲು ಸಿಗುವುದು ಅದೊಂದೇ. ಹೊಳೆಯುವ ಕಾಗದ, ಮುಖಪುಟದಲ್ಲಿ ಐಫೆಲ್ ಗೋಪುರ, ಒಳಗೆ ರೋಮ್ ಪಾಲಿಗೆ ಬಂದದ್ದು ಐದಾರು ಸಾಲು. ಬೆಳಿಗ್ಗೆ ತಿಂಡಿ ಮುಗಿಸಿ ವ್ಯಾಟಿಕನ್, ಸಂತ ಪೀಟರರ ಇಗರ್ಜಿ. ಬಳಿಕ ಕೊಲೋಸಿಯಂ, ಹೊರಗಿನಿಂದ. ವಿಕ್ಟರ್ ಇಮ್ಯಾನುಯೆಲ್ ಸ್ಮಾರಕ, ಬಸ್ಸಿನಿಂದ. ಟ್ರೆವಿ ಕಾರಂಜಿ, ನಾಣ್ಯ ಎಸೆಯಲು ಸಮಯಾವಕಾಶ. ರಾತ್ರಿ ಭಾರತೀಯ ಊಟ. ಮರುದಿನ ಬೆಳಿಗ್ಗೆ ಪೆಟ್ಟಿಗೆ ಬಸ್ಸಿಗೆ ಹಾಕಿ ಪೀಸಾದ ಕಡೆಗೆ.

ಈ ಪಟ್ಟಿ ಸುಳ್ಳು ಹೇಳುವುದಿಲ್ಲ ಎಂಬುದನ್ನು ಮೊದಲೇ ಒಪ್ಪಬೇಕು. ಒಳಗೆ ಹೋಗಿ ನೋಡುವುದು ಯಾವುದು, ಹೊರಗೆ ನಿಂತು ನೋಡುವುದು ಯಾವುದು, ಓಡುವ ಬಸ್ಸಿನ ಕಿಟಕಿಯಿಂದ ನೋಡುವುದು ಯಾವುದು ಎಂದು ಬೇರೆ ಬೇರೆಯಾಗಿಯೇ ನಮೂದಿಸಿರುತ್ತದೆ. ಹಣ ಕಟ್ಟಿದ ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದು ಅದನ್ನು ಓದಿರುವುದಿಲ್ಲ. ಬಸ್ಸಿನಲ್ಲಿ ಕೂತ ಅಪ್ಪ ಅಮ್ಮನಿಗೆ ಓದಿ ಹೇಳಿದವರಿಲ್ಲ. ಹಾಗಾಗಿ ಕೊಲೋಸಿಯಂ ಎದುರು ನಿಂತಾಗ ನಮ್ಮ ಗುಂಪಿನ ಹಿರಿಯ ಹೆಂಗಸರೊಬ್ಬರು ಕೇಳಿದ ಪ್ರಶ್ನೆ ಎಲ್ಲ ಗುಂಪುಗಳಲ್ಲೂ ಒಂದಲ್ಲ ಒಂದು ಭಾಷೆಯಲ್ಲಿ ಕೇಳಿಬರುತ್ತದೆಂದು ನನ್ನ ಅಂದಾಜು: "ಒಳ್ಗೆ ಹೋಪುಕಿಲ್ಯಾ? ಹೊರ್ಗಿಂದ್ಲೇ ಕಾಂಬುದಾ?"

ಉಡುಪಿ ಜಿಲ್ಲೆಯ ಕೊಕ್ಕರ್ಣೆ, ಪೇತ್ರಿ, ಮಂದಾರ್ತಿ ಸುತ್ತಿನಿಂದ ಇಂಥ ಪ್ರವಾಸಕ್ಕೆ ಹೋಗುವವರು ಈಗ ಅಪರೂಪವಲ್ಲ. ಒಂದು ಕಾಲಕ್ಕೆ ಕಾಶಿಗೆ ಹೋಗಿ ಬಂದವರ ಮನೆಯಲ್ಲಿ ಸಂತರ್ಪಣೆಯಾಗುತ್ತಿತ್ತು. ಈಗ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದವರು ಚಾಕಲೇಟು ಹಂಚುತ್ತಾರೆ. ತೋಟ, ಗದ್ದೆ ಇದ್ದವರು, ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ಮನೆ ಕಟ್ಟಿದವರು, ಬ್ಯಾಂಕಿನಿಂದ ನಿವೃತ್ತರಾದವರು, ಮಗಳ ಒತ್ತಾಯಕ್ಕೆ ಹೊರಟ ಶಾಲೆಯ ಟೀಚರುಗಳು. ಇವರಲ್ಲಿ ಬಹುತೇಕರು ಒಬ್ಬೊಬ್ಬರೇ ರೋಮ್‌ಗೆ ಹೋಗುವವರಲ್ಲ. ಗುಂಪು ಪ್ರವಾಸವನ್ನು ಗೇಲಿ ಮಾಡುವ ಇಂಗ್ಲಿಷ್ ಬಲ್ಲ ಒಂಟಿ ಪ್ರವಾಸಿಗರು ಈ ಅಂಶವನ್ನು ಮರೆಯುತ್ತಾರೆ. ಮಂಡಿನೋವಿನ, ಸಕ್ಕರೆ ಕಾಯಿಲೆಯ, ಕನ್ನಡ ತುಳು ಬಿಟ್ಟರೆ ಹಿಂದಿಯಲ್ಲಿ ಹತ್ತು ಮಾತು ಮಾತ್ರ ಬರುವ ಎಪ್ಪತ್ತರ ಹೆಂಗಸೊಬ್ಬರು ಟೈಬರ್ ನದಿಯ ಸೇತುವೆ ಮೇಲೆ ನಡೆದರೆಂದರೆ ಅದು ಆ ಬಸ್ಸಿನ ದೆಸೆಯಿಂದ. ಅದಕ್ಕೆ ಪೂರ್ತಿ ಅಂಕ ಕೊಟ್ಟೇ ಮುಂದೆ ಹೋಗಬೇಕು.

ಹಾಗೆ ಹೋಗುವುದೂ ಸುಲಭವಲ್ಲ. ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಡಬೇಕು, ಅದಕ್ಕೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕು. ಅಡಿಕೆ ಸುಲಿದು ಸವೆದ ಬೆರಳು ಯಂತ್ರಕ್ಕೆ ಒಂದೇ ಸಲಕ್ಕೆ ಸಿಗುವುದಿಲ್ಲ. ಒಮ್ಮೆ ಸಿಕ್ಕಿತೆಂದರೆ 59 ತಿಂಗಳು ನಡೆಯುತ್ತದೆ. ಅರ್ಜಿಯ ಶುಲ್ಕ 2024ರ ಜೂನ್‌ನಿಂದ 90 ಯೂರೊ, ಅದರ ಮೇಲೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ. ಬ್ಯಾಂಕಿನ ಪುಸ್ತಕ, ತೆರಿಗೆಯ ಕಾಗದ, ಹೋಟೆಲಿನ ರಸೀದಿ, ಎಲ್ಲವನ್ನೂ ಕಂಪನಿಯ ಹುಡುಗನೊಬ್ಬ ಕೂತು ಜೋಡಿಸಿಕೊಡುತ್ತಾನೆ. ಪ್ರವಾಸದ ನಿಜವಾದ ಸೇವೆ ಇಲ್ಲೇ ಅರ್ಧ ಮುಗಿದಿರುತ್ತದೆ ಎಂದರೆ ತಪ್ಪಲ್ಲ.

ಗುಂಪು ಪ್ರವಾಸದ ಮೇಲೆ ಎಲ್ಲರೂ ಹೊರಿಸುವ ಆರೋಪ ಅವಸರದ್ದು. ಅವಸರ ಇದೆ, ಆದರೆ ಅದು ಕಂಪನಿಯಿಂದ ಜೊತೆಗೆ ಬರುವ ಮ್ಯಾನೇಜರನ ದುರ್ಬುದ್ಧಿಯಿಂದ ಬಂದದ್ದಲ್ಲ. ಯುರೋಪಿನ ಒಕ್ಕೂಟದಲ್ಲಿ ಬಸ್ಸಿನ ಚಾಲಕ ಸಾಮಾನ್ಯವಾಗಿ ದಿನಕ್ಕೆ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ದಿನಕ್ಕೊಮ್ಮೆ ಸಾಮಾನ್ಯವಾಗಿ 11 ಗಂಟೆ ಒಟ್ಟಿಗೆ ವಿಶ್ರಾಂತಿ ಪಡೆಯಬೇಕು. ಬಸ್ಸಿನೊಳಗಿನ ಯಂತ್ರ ಇದನ್ನೆಲ್ಲ ದಾಖಲಿಸುತ್ತಿರುತ್ತದೆ. ನಮ್ಮ ಖಾಸಗಿ ರಾತ್ರಿ ಬಸ್ಸುಗಳ ಚಾಲಕರ ಪಾಡು ನೋಡಿದವರಿಗೆ ಈ ಕಾನೂನಿನ ಮೇಲೆ ಗೌರವ ಹುಟ್ಟಬೇಕು. ಆದರೆ ಸಂಜೆ ಆರಕ್ಕೆ "ಇನ್ನು ಬಸ್ಸು ಬರುವುದಿಲ್ಲ" ಎಂದಾಗ ನಮ್ಮವರು ಬೈಯುವುದು ಆ ಬಡಪಾಯಿ ಚಾಲಕನನ್ನೇ.

ರೋಮ್‌ನ ಮಟ್ಟಿಗೆ ಇನ್ನೊಂದು ಕಟ್ಟಳೆ ಇದೆ. 2019ರ ಜನವರಿಯಿಂದ ಪ್ರವಾಸಿ ಬಸ್ಸುಗಳಿಗೆ ಹಳೆ ಪಟ್ಟಣದ ನಡುಭಾಗಕ್ಕೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಸುತ್ತಲಿನ ವಲಯಗಳಿಗೆ ಬರಲು ಹಣ ಕಟ್ಟಿ ಪರವಾನಗಿ ಪಡೆಯಬೇಕು. ಅಗ್ಗದ ಹೋಟೆಲುಗಳೋ, 68 ಕಿಲೋಮೀಟರ್ ಉದ್ದದ ವರ್ತುಲ ರಸ್ತೆಯ ಆಸುಪಾಸಿನಲ್ಲಿ. ಅಲ್ಲಿಂದ ಬಂದು, ಇಳಿದು, ನಡೆದು, ಪುನಃ ನಡೆದು ಬಸ್ಸಿನ ಜಾಗಕ್ಕೆ ಮುಟ್ಟುವಷ್ಟರಲ್ಲಿ ದಿನದ ಮೂರನೆಯ ಒಂದು ಪಾಲು ಹೋಗಿರುತ್ತದೆ. ಕೊಲೋಸಿಯಂ ಒಳಗೆ ಹೋಗಲು ಪ್ರತಿಯೊಬ್ಬರ ಹೆಸರಿನಲ್ಲಿ ಟಿಕೆಟ್ ಬೇಕು. ನಲವತ್ತು ಜನರ ಪಾಸ್‌ಪೋರ್ಟ್ ಹೆಸರು ಮೊದಲೇ ಕೊಟ್ಟು, ನಿಗದಿಯಾದ ಹೊತ್ತಿಗೆ ನಲವತ್ತೂ ಜನರನ್ನು ಬಾಗಿಲಿಗೆ ತರುವುದು ಹೇಳಿದಷ್ಟು ಹಗುರವಲ್ಲ. "ಹೊರಗಿನಿಂದ" ಎಂದು ಬರೆದುಬಿಡುವುದು ಕಂಪನಿಗೆ ನೆಮ್ಮದಿ.

ಇಷ್ಟೆಲ್ಲ ಒಪ್ಪಿದ ಮೇಲೂ ನನ್ನ ತಕರಾರು ಉಳಿಯುತ್ತದೆ, ಅದು ಸಮಯದ ಬಗ್ಗೆ ಅಲ್ಲ. ಇಪ್ಪತ್ತು ನಿಮಿಷದಲ್ಲೂ ಒಂದು ಜಾಗವನ್ನು ಮನಸ್ಸಿಗೆ ಮುಟ್ಟಿಸಬಹುದು. ಆ ಇಪ್ಪತ್ತು ನಿಮಿಷದಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆ ಎಂಬಲ್ಲಿ ಗುಂಪು ಪ್ರವಾಸ ಸೋಲುತ್ತದೆ.

ಇಟಲಿಯಲ್ಲಿ ಸ್ಮಾರಕಗಳ ವಿವರಣೆ ಕೊಡುವ ಹಕ್ಕು ಪರವಾನಗಿ ಇರುವ ಗೈಡುಗಳದ್ದು. ಮುಂಬೈಯಿಂದ ಜೊತೆಗೆ ಬಂದ ಮ್ಯಾನೇಜರು ಅಲ್ಲಿ ಬಾಯಿ ಬಿಡುವಂತಿಲ್ಲ. ಆದ್ದರಿಂದ ಇಟಲಿಯ ಗೈಡು ಇಂಗ್ಲಿಷಿನಲ್ಲಿ ಹೇಳಿದ್ದು ಎಲ್ಲರ ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಬರುತ್ತದೆ. ಬಸ್ಸಿಗೆ ಮರಳಿದ ಮೇಲೆ ಮ್ಯಾನೇಜರು ಅದರ ಸಾರವನ್ನು ಹಿಂದಿಯಲ್ಲಿ ಒದಗಿಸುತ್ತಾರೆ. ಎರಡು ಸೋಸಣಿಗೆ ದಾಟಿ ಉಳಿಯುವುದು ಅಂಕಿ ಮತ್ತು ಅತಿಶಯ. ಐವತ್ತು ಸಾವಿರ ಜನ ಕೂರುತ್ತಿದ್ದರು. ಎಂಬತ್ತನೆಯ ಇಸವಿಯಲ್ಲಿ ಉದ್ಘಾಟನೆ. ಸಿಂಹಕ್ಕೂ ಮನುಷ್ಯನಿಗೂ ಕಾಳಗ. ಇಂಥ ಸಿನಿಮಾ ನೋಡಿದ್ದೀರಲ್ಲ, ಅದೇ. ಈಗ ಫೋಟೋ ತೆಗೆದುಕೊಳ್ಳಿ, ಹತ್ತು ನಿಮಿಷ.

ಇದನ್ನು ಕೇಳಿಸಿಕೊಳ್ಳುತ್ತ ನಿಂತವರು ಯಾರು? ಇವರು ಮಂದಾರ್ತಿ ಯಕ್ಷಗಾನ ಮೇಳದ ಆಟಕ್ಕೆ ಇಡೀ ರಾತ್ರಿ ಕೂರುವ ಜನ. ಐದು ಮೇಳಗಳಿದ್ದೂ ಹರಕೆಯ ಆಟಕ್ಕೆ ವರ್ಷಗಟ್ಟಲೆ ಸರದಿ ಕಾಯುವ ಊರು ಇದು. ಕರ್ಣನ ಬಾಯಲ್ಲಿ ಬರಬಾರದ ಮಾತು ಬಂದರೆ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅದರ ಚರ್ಚೆಯಾಗುತ್ತದೆ. ತಾಳಮದ್ದಳೆಯಲ್ಲಿ ಒಂದು ಪದ್ಯದ ಮೇಲೆ ಮುಕ್ಕಾಲು ಗಂಟೆ ಅರ್ಥ ಹೇಳಿದರೂ ಎದ್ದು ಹೋಗದೆ, ಎಲ್ಲಿ ಜಾರಿತು ಎಂದು ತೂಗುವವರು. ಇಂಥವರಿಗೆ ತಾಳ್ಮೆಯಿಲ್ಲ, ಫೋಟೋ ಸಾಕು ಎಂದು ತೀರ್ಮಾನಿಸಿದವರು ಅವರನ್ನು ಒಮ್ಮೆಯೂ ವಿಚಾರಿಸಿದವರಲ್ಲ. ನೋಡುಗರ ಯೋಗ್ಯತೆಯನ್ನು ಅಳೆಯದೆ ಆಡಿದ ಆಟ ಕಳೆಗಟ್ಟುವುದು ಹೇಗೆ?

ಅವರಿಗೆ ಗೊತ್ತಿರುವ ಸಂಗತಿಗಳಿಂದ ರೋಮ್ ಶುರು ಮಾಡಬಹುದಿತ್ತು. ಕೊಲೋಸಿಯಂನಿಂದ ಹಳೆ ರೋಮಿನ ನಡುಚೌಕವಾದ ಫೋರಂ ಕಡೆಗೆ ಕೆಲವೇ ನಿಮಿಷ ನಡೆದರೆ ಮ್ಯಾಕ್ಸೆನ್ಷಿಯಸ್ ಚಕ್ರವರ್ತಿಯ ಬೆಸಿಲಿಕಾ ಎಂಬ ಸಭಾಭವನದ ಭಾರಿ ಕಮಾನುಗಳಿವೆ. ಆ ಕಟ್ಟಡ ಎದ್ದದ್ದು ಹಳೆಯ ಉಗ್ರಾಣವೊಂದರ ಜಾಗದಲ್ಲಿ. ಮೊದಲನೆಯ ಶತಮಾನದ ಕೊನೆಯಲ್ಲಿ ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ ಆ ಉಗ್ರಾಣದಲ್ಲಿ ಇಡುತ್ತಿದ್ದುದು ಕಾಳುಮೆಣಸು. ಪಶ್ಚಿಮ ಕರಾವಳಿಯಿಂದ ಮಳೆಗಾಲ ಕಳೆದ ಮೇಲಿನ ಗಾಳಿ ನೋಡಿಕೊಂಡು ಹೊರಟ ಹಡಗುಗಳಲ್ಲಿ ಮೆಣಸು ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಮರಳುಗಾಡಿನಲ್ಲಿ ಒಂಟೆಯ ಬೆನ್ನೇರಿ, ನೈಲ್ ನದಿಯಲ್ಲಿ ಇಳಿದು ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ಇಲ್ಲಿಗೆ. ಹೆಚ್ಚಿನ ಮೆಣಸು ಹೋದದ್ದು ನಮಗಿಂತ ತೆಂಕಲ ಮಲಬಾರಿನಿಂದ, ನಿಜ. ಆದರೆ ಬಳ್ಳಿ ಅದೇ. ಇಂಡಿಯಾದ ಸರಕಿಗೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ಸುರಿಯುತ್ತಿದ್ದೇವೆಂದು ರೋಮಿನ ಲೇಖಕ ಹಿರಿಯ ಪ್ಲಿನಿ ಗೊಣಗಿದ್ದಾನೆ. ಬರೀ ಖಾರ ಬಿಟ್ಟರೆ ಈ ಮೆಣಸಿನಲ್ಲಿ ಏನಿದೆ ಎಂಬುದು ಅವನ ಸೋಜಿಗ. 408ರಲ್ಲಿ ಗೋತರ ದೊರೆ ಅಲಾರಿಕ್ ರೋಮ್‌ಗೆ ಮುತ್ತಿಗೆ ಹಾಕಿದಾಗ, ಊರು ಬಿಟ್ಟು ತೊಲಗಲು ಪಡೆದ ಕಪ್ಪದಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆಗೆ 3,000 ಪೌಂಡ್ ಮೆಣಸೂ ಇತ್ತು.

ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ಸೊರಗುರೋಗಕ್ಕೆ ಹೆದರಿ, ದರ ಏರಿಳಿಯುವುದನ್ನು ದಿನಾ ಮೊಬೈಲಿನಲ್ಲಿ ನೋಡುವ ಮನುಷ್ಯ ಆ ಜಾಗದ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆದುಕೊಂಡು ಬಸ್ಸಿಗೆ ಮರಳುತ್ತಾನೆ. ಈ ಮಾತು ಅವನ ಕಿವಿಗೆ ಬಿದ್ದಿದ್ದರೆ ಅವನ ಪ್ರಶ್ನೆಗಳನ್ನು ತಡೆಯಲು ಗೈಡಿಗೆ ಸಾಧ್ಯವಾಗುತ್ತಿರಲಿಲ್ಲ. ಹೇಗೆ ಒಣಗಿಸುತ್ತಿದ್ದರು? ಬೂಸ್ಟು ಹಿಡಿಯದಂತೆ ಹೇಗೆ ಇಡುತ್ತಿದ್ದರು? ಅಳತೆ ಯಾವುದು, ದಲ್ಲಾಳಿ ಯಾರು?

ಸುಣ್ಣದ ವಿಷಯವೂ ಹೀಗೆಯೇ. ಕೊಲೋಸಿಯಂನ ತಳಪಾಯ, ಪ್ಯಾಂಥಿಯನ್‌ನ ಗುಮ್ಮಟ ಇವೆಲ್ಲ ಸುಣ್ಣ ಮತ್ತು ಅಗ್ನಿಪರ್ವತದ ಬೂದಿ ಬೆರೆಸಿದ ಕಾಂಕ್ರೀಟಿನವು. 2023ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರ ನೇತೃತ್ವದ ತಂಡವೊಂದು ಇದರ ಗುಟ್ಟಿನ ಒಂದು ಎಳೆ ಬಿಡಿಸಿತು: ಅರಳಿಸದ ಸುಟ್ಟ ಸುಣ್ಣವನ್ನೇ ಬಿಸಿಯಲ್ಲಿ ಬೆರೆಸಿದ್ದರಿಂದ ಒಳಗೆ ಉಳಿದ ಸುಣ್ಣದ ಬಿಳಿ ಹರಳುಗಳು, ಬಿರುಕಿಗೆ ನೀರು ಇಳಿದಾಗ ಕರಗಿ, ಬಿರುಕನ್ನು ತಾವೇ ತುಂಬುತ್ತವೆ. ನಮ್ಮ ಕರಾವಳಿಯ ಹಿರಿಯರಿಗೆ ಇದರ ಅರ್ಧ ಭಾಗ ಹೇಳಬೇಕಾಗಿಯೇ ಇಲ್ಲ. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ನೀರು ಹಾಕಿದಾಗ ಹೇಗೆ ಕುದಿಯುತ್ತದೆಂದು ಕಂಡವರು. ಗೋಡೆಗೆ ಗಾರೆ ಮಾಡುವಾಗ ಬೆಲ್ಲದ ನೀರು ಹಾಕಿದವರು. ಕೊಳೆರೋಗಕ್ಕೆ ಪ್ರತಿ ಮಳೆಗಾಲ ಮೈಲುತುತ್ತ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಕಲಸುವವರು. ಅಡಿಕೆ ಬೆಳೆಗಾರರಿಗೆ ಯುರೋಪಿನ ಊರುಗಳಲ್ಲಿ ನಿಜವಾಗಿ ಬಳಕೆಯಲ್ಲಿರುವ ಹೆಸರು ಫ್ರಾನ್ಸಿನ ಬೋರ್ಡೋ ಒಂದೇ. ನಾನು ಕಂಡ ಯಾವ ಪಟ್ಟಿಯಲ್ಲೂ ಆ ಊರಿಲ್ಲ.

ಇನ್ನು ಟ್ರೆವಿ. ಜನಜಂಗುಳಿ, ಬೆನ್ನು ಹಾಕಿ ನಿಂತು ಹೆಗಲ ಮೇಲಿಂದ ನಾಣ್ಯ ಎಸೆಯುವುದು, ಎಸೆದರೆ ಮತ್ತೆ ರೋಮ್‌ಗೆ ಬರುತ್ತೀರಿ ಎಂಬ ನಂಬಿಕೆ. ಹರಕೆಯ ಊರಿನಿಂದ ಬಂದವರಿಗೆ ಇದರಲ್ಲಿ ಕಷ್ಟವೇನಿಲ್ಲ. ಚಿಲ್ಲರೆ ಮೊದಲೇ ತೆಗೆದಿಟ್ಟಿರುತ್ತಾರೆ. ಆ ನಾಣ್ಯಗಳನ್ನು ಬಾಚಿ ಬಡವರ ಸೇವೆಗೆ ಒಂದು ಕ್ಯಾಥೊಲಿಕ್ ಸಂಸ್ಥೆಗೆ ಕೊಡುತ್ತಾರೆ ಎಂಬುದನ್ನು ಗೈಡು ಹೇಳಿದಳು, ಒಳ್ಳೆಯದು. ಕಾರಂಜಿ 1762ರಲ್ಲಿ ಮುಗಿಯಿತು ಎಂದೂ ಹೇಳಿದಳು. ಆದರೆ ನೀರು ಎಲ್ಲಿಂದ ಬರುತ್ತದೆ? ಕ್ರಿಸ್ತಪೂರ್ವ 19ರಲ್ಲಿ ಅಗ್ರಿಪ್ಪ ಕಟ್ಟಿಸಿದ ಕಾಲುವೆಯ ಜಾಡಿನಿಂದ. ಇಪ್ಪತ್ತು ಕಿಲೋಮೀಟರ್‌ನಷ್ಟು ದೂರ, ಬಹುಪಾಲು ನೆಲದಡಿಯಲ್ಲೇ, ಬರೀ ಇಳಿಜಾರಿನ ಲೆಕ್ಕದಲ್ಲಿ ಹರಿದು ಬರುವ ನೀರಿನ ದಾರಿ. ಎರಡು ಸಾವಿರ ವರ್ಷಗಳಲ್ಲಿ ಅದು ಕೆಟ್ಟದ್ದುಂಟು, ರಿಪೇರಿಯಾದದ್ದೂ ಉಂಟು, ಪೂರಾ ಕೈಬಿಟ್ಟದ್ದಿಲ್ಲ. ಗುಡ್ಡದಲ್ಲಿ ಸುರಂಗ ಕೊರೆದು ತೋಟಕ್ಕೆ ನೀರು ಇಳಿಸುವ ಕಸುಬನ್ನು ಬಲ್ಲ ಕರಾವಳಿಯವರಿಗೆ ಇದು ಶಿಲ್ಪಕ್ಕಿಂತ ಹತ್ತು ಪಾಲು ದೊಡ್ಡ ವಿಸ್ಮಯ. 1874ರಿಂದ ಬಂದ, ಸುಮಾರು 2,500ರಷ್ಟಿರುವ ಕಬ್ಬಿಣದ ನಲ್ಲಿಕಂಬಗಳು ಊರಿಡೀ ಕುಡಿಯುವ ನೀರನ್ನು ಬಿಟ್ಟಿಯಾಗಿ ಸುರಿಸುತ್ತಿವೆ. ನಮ್ಮ ಗುಂಪು ಅಂಥ ಒಂದು ಕಂಬದ ಪಕ್ಕದಲ್ಲೇ ನಿಂತು ಪ್ಲಾಸ್ಟಿಕ್ ಬಾಟಲಿಯ ನೀರನ್ನು ದುಡ್ಡು ಕೊಟ್ಟು ಕೊಂಡಿತು. ಹೇಳುವವರಿರಲಿಲ್ಲ.

ಮ್ಯಾನೇಜರುಗಳ ಉತ್ತರ ನನಗೆ ಗೊತ್ತು. ಜನ ಕೇಳುವುದೇ ಊಟ, ಟಾಯ್ಲೆಟ್ಟು, ಫೋಟೋ. ಇದರಲ್ಲಿ ಮೊದಲೆರಡನ್ನು ನಾನು ತಮಾಷೆಗೆ ಬಳಸುವುದಿಲ್ಲ. ಒಂದು ಯೂರೊ ಕೊಟ್ಟು ಸಾಲಿನಲ್ಲಿ ನಿಲ್ಲಬೇಕಾದ ಶೌಚಾಲಯ ಯಾವ ತಿರುವಿನಲ್ಲಿದೆ ಎಂದು ತಿಳಿಯದೆ ಮಾತ್ರೆ ನುಂಗುವ ಹಿರಿಯರಿಗೆ ಮೈಕೆಲೆಂಜೆಲೊ ಕಾಣುವುದಿಲ್ಲ. ಊಟವೂ ಹಾಗೆ: ರೈಲು ನಿಲ್ದಾಣದ ಹತ್ತಿರದ ಪಂಜಾಬಿ ಹೋಟೆಲಿನ ಅನ್ನ ದಾಲ್ ನೋಡಿ ಮುಖ ಅರಳಿಸಿದವರನ್ನು ಸಂಕುಚಿತ ಮನಸ್ಸಿನವರೆಂದು ಬರೆಯುವುದು ಸುಲಭ. ಆದರೆ ಅವರೇ, ಕುಚ್ಚಲಕ್ಕಿ ಸಿಗಲಿಲ್ಲವೆಂದು ಕೊರಗಿದರೂ, ತಂದಿದ್ದ ಮಾವಿನಮಿಡಿಯನ್ನು ಇಡೀ ಮೇಜಿಗೆ, ಗುಜರಾತಿನ ಕುಟುಂಬಕ್ಕೂ ಸೇರಿಸಿ ಹಂಚಿದರು. ಗುಂಪು ಪ್ರವಾಸದ ಅತ್ಯುತ್ತಮ ಗಳಿಗೆಗಳು ಇಂಥವೇ. ರೋಮ್‌ಗೂ ಅವಕ್ಕೂ ಸಂಬಂಧವಿಲ್ಲ ಅಷ್ಟೆ. ಅದೇ ಮೇಜು ದ್ವಾರಕೆಯಲ್ಲೂ ಸಿಗುತ್ತಿತ್ತು.

ಮೂರನೆಯದು, ಫೋಟೋ. ನೋಡುವುದಕ್ಕೆ ಬೇರೆ ದಾರಿ ತೋರಿಸದಿದ್ದಾಗ ಜನ ಫೋಟೋ ತೆಗೆಯುತ್ತಾರೆ. ಕೈಗೆ ಏನಾದರೂ ಕೆಲಸ ಬೇಕಲ್ಲ.

ಗುಂಪು ಪ್ರವಾಸದ ಹುಟ್ಟನ್ನು ನೆನೆದರೆ ಈ ಕೊರತೆ ಇನ್ನಷ್ಟು ವಿಚಿತ್ರ. 1841ರ ಜುಲೈಯಲ್ಲಿ ಥಾಮಸ್ ಕುಕ್ ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಮೊದಲ ಗುಂಪನ್ನು ಕರೆದೊಯ್ದದ್ದು ಮದ್ಯಪಾನ ವಿರೋಧಿ ಸಭೆಗೆ. 1855ರಲ್ಲಿ ಇಂಗ್ಲೆಂಡಿನ ಹೊರಗೆ, ಪ್ಯಾರಿಸ್ ವಸ್ತುಪ್ರದರ್ಶನದ ಕಡೆಗೆ ಕರೆದೊಯ್ದಾಗಲೂ ಅವನ ಮನಸ್ಸಿನಲ್ಲಿ ಇದ್ದದ್ದು ಸಾಮಾನ್ಯ ಜನರ ತಿಳಿವಳಿಕೆ ಬೆಳೆಸುವ ಹಂಬಲ. ವ್ಯಾಪಾರ ಉಳಿಯಿತು, ಹಂಬಲ ದಾರಿಯಲ್ಲೆಲ್ಲೋ ಇಳಿದುಹೋಯಿತು.

ದೋಷ ಯುರೋಪಿನದ್ದೇ ಎಂದುಕೊಳ್ಳುವಂತಿಲ್ಲ. ಕೊಕ್ಕರ್ಣೆಯಿಂದ ಬ್ರಹ್ಮಾವರದ ದಾರಿಯಾಗಿ ಹೋದರೆ ಬಾರಕೂರಿದೆ; ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ಕಾಲದ ಬಾರಕೂರು ರಾಜ್ಯದ ಕೇಂದ್ರ. ಇಲ್ಲಿಗೂ ಗುಂಪುಗಳು ಬರುತ್ತವೆ, ಶಾಲೆಯ ಮಕ್ಕಳು, ಕಾಲೇಜಿನ ಶಿಬಿರದವರು, ಪರಂಪರೆಯ ನಡಿಗೆಯವರು. 2019ರ ಜನವರಿಯ ಆಳುಪೋತ್ಸವಕ್ಕೆ ಊರಿಗೆ ಊರೇ ಸೇರಿತ್ತು. ಗುಂಪಿಗೆ ಇಲ್ಲಿ ಹೇಳುವುದೇನು? ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವು. ಭೂತಾಳ ಪಾಂಡ್ಯನ ಕಥೆ, ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟು ಹುಟ್ಟಿದ ಬಗೆ. ಕತ್ತಲೆ ಬಸದಿಯ ಕಂಬಗಳ ಮುಂದೆ ಗುಂಪು ಫೋಟೋ. ಪಂಚಲಿಂಗೇಶ್ವರದಲ್ಲಿ ಕೈಮುಗಿದು, ಕೋಟೆಯ ಜಾಗದಲ್ಲಿ ಹುಲ್ಲು ಮತ್ತು ಕೆಂಪುಕಲ್ಲು ನೋಡಿ, ಊಟಕ್ಕೆ. ಅಂಕಿ ಮತ್ತು ಅತಿಶಯ, ಅದೇ ಕ್ರಮ, ಕನ್ನಡದಲ್ಲಿ.

ರಾಜಧಾನಿಯೆಂದರೆ ಅರಮನೆ, ಗುಡಿಗಳ ಮೊತ್ತವಲ್ಲ. ಬಾರಕೂರಿನಲ್ಲಿ ಹತ್ತು ಕೇರಿಗಳಿದ್ದವು. ಮೂಡುಕೇರಿ, ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಹೆಸರುಗಳು ಇಂದಿಗೂ ವಿಳಾಸದಲ್ಲಿವೆ. ಆ ಕೇರಿಗಳಿಗೆ ಹಲರು ಎಂಬ ಹಿರಿಯರ, ವರ್ತಕರ ಕೂಟಗಳಿದ್ದವು. ದತ್ತಿ, ಜಮೀನು, ಹಣದ ವ್ಯವಹಾರ ಅವರ ಮುಂದೆ ನಡೆದದ್ದನ್ನು ಶಾಸನಗಳು ಹೇಳುತ್ತವೆ. ಬಾರಕೂರು ಗದ್ಯಾಣ ಎಂಬ ಇಲ್ಲಿಯದೇ ಹೊನ್ನಿನ ನಾಣ್ಯ ಚಲಾವಣೆಯಲ್ಲಿತ್ತು. ಸೀತಾನದಿ ಇಳಿದು ಹಂಗಾರಕಟ್ಟೆಯ ಅಳಿವೆಯಿಂದ ಹೊರಬಿದ್ದರೆ ಕಡಲು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಡುವಾರ್ಟೆ ಬಾರ್ಬೋಸಾ ಇಲ್ಲಿಂದ ಹೊರಹೋಗುವ ಅಕ್ಕಿಯ ಬಗ್ಗೆ ಬರೆದಿದ್ದಾನೆ. ಅವನಿಗಿಂತ ಸುಮಾರು ನೂರೆಪ್ಪತ್ತು ವರ್ಷ ಹಿಂದೆ ಬಂದ ಪ್ರವಾಸಿ ಇಬ್ನ್ ಬತೂತ ಈ ಬಂದರಿನ ಕಟ್ಟಳೆಯೊಂದನ್ನು ದಾಖಲಿಸಿದ್ದಾನೆ: ಈ ದಾರಿಯಾಗಿ ಹೋಗುವ ಹಡಗು ಇಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು, ತಪ್ಪಿಸಿ ಹೋದರೆ ಅರಸನ ಹಡಗುಗಳು ಅಟ್ಟಿಕೊಂಡು ಹೋಗಿ ಎಳೆದು ತಂದು ಇಮ್ಮಡಿ ಸುಂಕ ಹಾಕುತ್ತವೆ. ರೋಮ್ ಇಂದು ನಮ್ಮ ಬಸ್ಸಿಗೆ ಮಾಡುವುದನ್ನು ಬಾರಕೂರು ಆಗ ಮಂದಿಯ ಹಡಗಿಗೆ ಮಾಡುತ್ತಿತ್ತು. ರಾಜಧಾನಿ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಭೂತಾಳ ಪಾಂಡ್ಯನ ಕಥೆಯಾದರೂ ಶುರುವಾಗುವುದು ಭೂತಕ್ಕೆ ಬಲಿ ಕೊಡದೆ ನೀರಿಗಿಳಿಯದ ಹಡಗುಗಳಿಂದ. ಇತಿಹಾಸಕಾರರು ಆ ಕಥೆಯನ್ನು ನಂಬುವುದಿಲ್ಲ, ಸರಿ. ಆದರೆ ಹೇಳುವವರು ಬಲಿಯನ್ನು ಬಣ್ಣಿಸಿ ಹಡಗನ್ನು ಬಿಟ್ಟುಬಿಡುತ್ತಾರೆ.

ಇನ್ನೂ ಹತ್ತಿರಕ್ಕೆ ಬಂದರೆ ಸೂರಾಲು. ಕೊಕ್ಕರ್ಣೆಯ ಮಗ್ಗುಲಲ್ಲೇ ಇರುವ ತೊಳಹರ ಅರಮನೆ, ಮಣ್ಣಿನ ಗೋಡೆಯದ್ದು. ಚಿಕ್ಕ ಜೈನ ಅರಸು ಮನೆತನದ ಚಿಕ್ಕ ರಾಜಧಾನಿ. ಇತ್ತೀಚಿನ ವರ್ಷಗಳಲ್ಲಿ ದುರಸ್ತಿಯಾಗಿ ನೋಡುವವರ ಸಂಖ್ಯೆ ಹೆಚ್ಚಿದೆ, ಮದುವೆಗೆ ಮುಂಚಿನ ಫೋಟೋದವರದ್ದು ಇನ್ನೂ ಹೆಚ್ಚು. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಮಣ್ಣಿನ ಗೋಡೆ ಶತಮಾನಗಟ್ಟಲೆ ನಿಂತದ್ದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅಲ್ಲಿ ಒಂದು ಗಂಟೆ ಕಳೆಯಬಹುದು. ಮಾಡು ಎಷ್ಟು ಕೆಳಗೆ ಇಳಿದಿದೆ, ಜಗಲಿ ಎಷ್ಟು ಎತ್ತರ, ಮಣ್ಣಿಗೆ ಏನು ಬೆರೆಸಿದ್ದಾರೆ, ಪ್ರತಿ ಮಳೆಗಾಲದ ಮುಂಚೆ ಯಾರು ಏನು ಮಾಡುತ್ತಿದ್ದರು. ಈ ಪ್ರಶ್ನೆ ಕೇಳಲು ಕಲಿತವನು ಪ್ಯಾಂಥಿಯನ್ ಒಳಗೆ ಹೋದರೆ, ಗುಮ್ಮಟದ ನೆತ್ತಿಯ ಒಂಬತ್ತು ಮೀಟರ್ ಅಗಲದ ತೆರಪಿನಿಂದ ಬಿದ್ದ ಮಳೆಯ ನೀರು ಎಲ್ಲಿಗೆ ಹೋಗುತ್ತದೆಂದು ತಾನೇ ನೆಲ ನೋಡುತ್ತಾನೆ. ಕಲ್ಲುಹಾಸಿನ ಸಣ್ಣ ತೂತುಗಳು ಕಣ್ಣಿಗೆ ಬೀಳುತ್ತವೆ. 2023ರ ಜುಲೈಯಲ್ಲಿ ಅಲ್ಲಿ ಐದು ಯೂರೊ ಟಿಕೆಟ್ ಶುರು ಮಾಡಿದರು. ಬಿಟ್ಟಿಯಿದ್ದಾಗಲೂ ಹೆಚ್ಚಿನ ಪಟ್ಟಿಗಳು ಅದನ್ನು ಹೊರಗಿನಿಂದಲೇ ಮುಗಿಸುತ್ತಿದ್ದವು.

ಇದೇ ಸೀಮೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಯುರೋಪು ಸುತ್ತಿ ಬಂದು 1950ರ ದಶಕದಲ್ಲಿ ಪ್ರಕಟಿಸಿದ 'ಅಪೂರ್ವ ಪಶ್ಚಿಮ' ನಮ್ಮಲ್ಲಿದೆ. ಕಾರಂತರಂತೆ ಎಲ್ಲರೂ ನೋಡಬೇಕೆಂದು ನಾನು ಹೇಳುವುದಿಲ್ಲ. ಅವರ ಜೊತೆ ಬಸ್ಸಿನಲ್ಲಿ ಕೂರುವುದೂ ಸುಲಭವಿದ್ದಿರಲಾರದು. ಆದರೆ ಕನ್ನಡದ ಓದುಗನಿಗೆ ಯುರೋಪನ್ನು ಕನ್ನಡದಲ್ಲೇ ಹೇಳಬಹುದು ಎಂಬುದು ಎಪ್ಪತ್ತು ವರ್ಷ ಹಿಂದೆಯೇ ಸಾಬೀತಾಗಿರುವಾಗ, ಕರ್ನಾಟಕದಲ್ಲಿ ಗ್ರಾಹಕರನ್ನು ಸೇರಿಸುವ ಕಂಪನಿಗಳು ಹೊರಡುವ ಮುನ್ನ ಕೈಗೆ ಒಂದು ಟೋಪಿ, ಒಂದು ಚೀಲ ಕೊಟ್ಟು, ನಾಲ್ಕು ಪುಟದ ಕನ್ನಡ ಪುಸ್ತಿಕೆ ಕೊಡಲಾರದೆ ಹೋಗುವುದು ಏಕೆ? ಟೋಪಿಗಿಂತ ಕಡಿಮೆ ಖರ್ಚಿನ ಕೆಲಸ ಅದು.

ಕೊನೆಯ ದಿನ ಬಸ್ಸಿನಲ್ಲಿ ಅಭಿಪ್ರಾಯದ ಫಾರಂ ಹಂಚಿದರು. ಹೋಟೆಲು, ಊಟ, ಬಸ್ಸು, ಮ್ಯಾನೇಜರು, ಒಂದರಿಂದ ಐದರವರೆಗೆ ಅಂಕ. ನಮ್ಮವರು ಎಲ್ಲಕ್ಕೂ ಐದು ಕೊಟ್ಟರು. ಮ್ಯಾನೇಜರ್ ಹುಡುಗ ಒಳ್ಳೆಯವನು, ಕಡಿಮೆ ಬರೆದರೆ ಅವನ ಸಂಬಳಕ್ಕೆ ತೊಂದರೆಯಾದೀತೆಂಬ ಕಾಳಜಿ. ಗೈಡಿನ ವಿವರಣೆಗೆ ಆ ಫಾರಂನಲ್ಲಿ ಜಾಗವೇ ಇರಲಿಲ್ಲ. ಕೇಳದ್ದನ್ನು ಕಂಪನಿ ತಿದ್ದುವುದೂ ಇಲ್ಲ.

ಹಾಗಾಗಿ, ಊರಿನಲ್ಲಿ ಯಾರಾದರೂ ಬುಕ್ ಮಾಡುವ ಮುಂಚೆ ವಿಚಾರಿಸಿದರೆ ನಾನು ಹೇಳುವುದಿಷ್ಟು. ದೇಶಗಳ ಸಂಖ್ಯೆ ನೋಡಬೇಡಿ, ರೋಮ್‌ನಲ್ಲಿ ಎಷ್ಟು ರಾತ್ರಿ ಎಂದು ನೋಡಿ. ಎರಡಕ್ಕಿಂತ ಕಡಿಮೆಯಿದ್ದರೆ ಆ ಪಟ್ಟಿ ಬಿಡಿ. ಹೋಟೆಲು ವರ್ತುಲ ರಸ್ತೆಯ ಒಳಗೋ ಹೊರಗೋ ಕೇಳಿ. ಕೊಲೋಸಿಯಂ ಒಳಗಿನ ಟಿಕೆಟ್ ಸೇರಿದೆಯೇ, ಅದೇ ಟಿಕೆಟ್ಟಿನಲ್ಲಿ ಫೋರಂ ಕೂಡ ನಡೆಯುತ್ತದೆ, ಅಲ್ಲಿಗೆ ಕರೆದೊಯ್ಯುತ್ತಾರೆಯೇ, ಅದನ್ನೂ ಕೇಳಿ. ಮಾತು ಬಲ್ಲವರೊಬ್ಬರು ಗುಂಪಿನಲ್ಲಿದ್ದರೆ ಗೈಡಿನ ಪಕ್ಕದಲ್ಲೇ ನಡೆಯುವಂತೆ ಹೇಳಿ, ಮತ್ತು ಮೆಣಸಿನ ಉಗ್ರಾಣ ಎಲ್ಲಿತ್ತು ಎಂದು ಅವರಿಂದ ಕೇಳಿಸಿ. ಗೈಡುಗಳು ಪರೀಕ್ಷೆ ಪಾಸಾಗಿ ಬಂದವರು, ಅವರಿಗೆ ಗೊತ್ತಿರುತ್ತದೆ. ಈ ತನಕ ಯಾರೂ ಕೇಳಿರಲಿಕ್ಕಿಲ್ಲ.